ದೋಣಿಯ ಹೊಗೆಗೆ ನೀರಿನ ತಂಪು: ಇನ್‌ಬೋರ್ಡ್ ಎಂಜಿನ್ನಿನ ಎಕ್ಸಾಸ್ಟ್ ವ್ಯವಸ್ಥೆ ಕುರಿತ ಒಂದು ಪ್ರಾತ್ಯಕ್ಷಿಕೆ ಪಾಠ

ಬೋಧನಾಭ್ಯಾಸದಲ್ಲಿ ಉಷ್ಣ ಮತ್ತು ಸ್ಥಿತಿ ಬದಲಾವಣೆಯ ಘಟಕವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮಂಜುಗಡ್ಡೆ, ಬೀಕರು ಮತ್ತು ಥರ್ಮಾಮೀಟರುಗಳಲ್ಲಿ ಪಾಠ ಮುಗಿಸುತ್ತಾರೆ. ಗುಪ್ತೋಷ್ಣದ ವ್ಯಾಖ್ಯೆ ಕಪ್ಪುಹಲಗೆಯ ಮೇಲೆ ಬರುತ್ತದೆ, ಒಂದೆರಡು ಲೆಕ್ಕ ಆಗುತ್ತದೆ, ಗಂಟೆ ಹೊಡೆಯುತ್ತದೆ. ಪಾಠದಲ್ಲಿ ಲೋಪವೇನೂ ಇರುವುದಿಲ್ಲ. ಆದರೆ ಆ ವ್ಯಾಖ್ಯೆಯಿಂದ ಏನನ್ನು ಅರ್ಥಮಾಡಿಕೊಳ್ಳಬಹುದು ಎಂಬುದು ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಭೌತವಿಜ್ಞಾನ ಬೋಧನಾ ವಿಧಾನದ ಉಪನ್ಯಾಸಕನಾಗಿ ನಾನು ಮಲ್ಪೆ ಬಂದರಿಗೆ ಸಮೀಪದ ಒಂದು ಪ್ರೌಢಶಾಲೆಯ 9ನೇ ತರಗತಿಗೆ ನೀಡಿದ ಎರಡು ಅವಧಿಗಳ ಪಾಠವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ವಿಷಯ: ದೋಣಿಯ ಒಳಗೆ ಕೂರಿಸಿದ ಎಂಜಿನ್ನಿನ, ಅಂದರೆ ಇನ್‌ಬೋರ್ಡ್ ಎಂಜಿನ್ನಿನ, ಹೊಗೆಯನ್ನು ನೀರು ಹೇಗೆ ತಂಪಾಗಿಸುತ್ತದೆ?

ಈ ವಿಷಯವನ್ನು ಆರಿಸಲು ಎರಡು ಕಾರಣಗಳಿವೆ. ಮೊದಲನೆಯದು, ಆ ತರಗತಿಯ ಅನೇಕ ಮಕ್ಕಳ ಮನೆಯವರು ದೋಣಿಯಲ್ಲಿ ದುಡಿಯುವವರು. ಭಾಗಗಳ ಹೆಸರು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಎರಡನೆಯದು, ಈ ವ್ಯವಸ್ಥೆಯ ಬಗ್ಗೆ ಬಂದರಿನಲ್ಲಿ ಕೇಳಿಬರುವ ಒಂದು ತಪ್ಪು ತಿಳಿವಳಿಕೆ ಪ್ರಾಣಕ್ಕೇ ಎರವಾಗಬಲ್ಲದು. ಹೊಗೆ ನೀರಿನಲ್ಲಿ ತೊಳೆದುಹೋಗುತ್ತದೆ, ಆದ್ದರಿಂದ ಅದರಿಂದ ತೊಂದರೆಯಿಲ್ಲ ಎಂಬುದೇ ಆ ತಿಳಿವಳಿಕೆ. ಪಾಠದ ಕೊನೆಯಲ್ಲಿ ಇದನ್ನು ತಿದ್ದದೆ ಬಿಟ್ಟರೆ ಉಳಿದ ಭೌತಶಾಸ್ತ್ರವನ್ನೆಲ್ಲ ಸರಿಯಾಗಿ ಕಲಿಸಿಯೂ ಪ್ರಯೋಜನವಿಲ್ಲ.

ಪಾಠದ ಚೌಕಟ್ಟು

ತರಗತಿ 9; ಅವಧಿ 40 ನಿಮಿಷಗಳ ಎರಡು ತರಗತಿಗಳು; ಘಟಕ ದ್ರವ್ಯದ ಸ್ಥಿತಿ ಬದಲಾವಣೆ ಮತ್ತು ಗುಪ್ತೋಷ್ಣ. ನಿರೀಕ್ಷಿತ ಕಲಿಕಾ ಫಲಗಳು ಮೂರು. ಬಿಸಿ ಅನಿಲದಿಂದ ನೀರಿಗೆ ಉಷ್ಣ ಹೋಗುವ ಎರಡು ಬಗೆಗಳನ್ನು ವಿದ್ಯಾರ್ಥಿ ಬೇರ್ಪಡಿಸಿ ಹೇಳಬೇಕು. ವ್ಯವಸ್ಥೆಯ ಪ್ರತಿ ಭಾಗ ಇರುವ ಜಾಗದಲ್ಲೇ ಏಕೆ ಇದೆ ಎಂಬುದಕ್ಕೆ ಕಾರಣ ಕೊಡಬೇಕು. ತಂಪಾದ ಹೊಗೆ ನಿರಪಾಯಕಾರಿ ಹೊಗೆಯಲ್ಲ ಎಂಬುದನ್ನು ಕಾರಣ ಸಹಿತ ವಿವರಿಸಬೇಕು.

ಬೋಧನಾ ವಿಧಾನಕ್ಕೆ ನಾನು ಒಂದೇ ಪ್ರಶ್ನೆಯನ್ನು ಆಧಾರವಾಗಿಟ್ಟುಕೊಂಡೆ: ‘ಇದು ಇಲ್ಲದಿದ್ದರೆ?’ ಭಾಗಗಳ ಪಟ್ಟಿಯನ್ನು ಮೊದಲೇ ಕೊಡಲಿಲ್ಲ. ಒಂದು ಅಪಾಯವನ್ನು ಮುಂದಿಟ್ಟು, ಅದನ್ನು ತಪ್ಪಿಸಲು ಏನು ಬೇಕೆಂದು ಕೇಳಿದೆ. ಮಕ್ಕಳು ಹೇಳಿದ ಉಪಾಯ ಸರಿಯಾಗಿದ್ದಲ್ಲಿ ಆ ಭಾಗಕ್ಕೆ ಹೆಸರಿಟ್ಟೆವು. ಯಂತ್ರ ಪಾಠಗಳಲ್ಲಿ ಈ ಕ್ರಮ ನನಗೆ ಹೆಚ್ಚು ಫಲ ಕೊಟ್ಟಿದೆ. ಹೆಸರಿನಿಂದ ಆರಂಭಿಸಿದರೆ ಮಕ್ಕಳು ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅಪಾಯದಿಂದ ಆರಂಭಿಸಿದರೆ ಕಾರಣವನ್ನು ಹುಡುಕುತ್ತಾರೆ.

ಪೂರ್ವಜ್ಞಾನ

ದಹನದ ಪಾಠದಲ್ಲಿ ಮಕ್ಕಳು ಮಾಡಿದ ಒಂದು ಚಟುವಟಿಕೆಯನ್ನು ನೆನಪಿಸಿದೆ. ಕಾಗದದ ಲೋಟದಲ್ಲಿ ನೀರು ತುಂಬಿ ಮೇಣದಬತ್ತಿಯ ಜ್ವಾಲೆಯ ಮೇಲೆ ಹಿಡಿದರೆ ಕಾಗದ ಹೊತ್ತುವುದಿಲ್ಲ. ಖಾಲಿ ಲೋಟ ಕೂಡಲೇ ಹೊತ್ತುತ್ತದೆ. ಏಕೆ? ಕಾಗದಕ್ಕೆ ಬಂದ ಉಷ್ಣವನ್ನು ನೀರು ಎಳೆದುಕೊಳ್ಳುತ್ತದೆ. ನೀರು ಇರುವವರೆಗೆ ಕಾಗದದ ತಾಪ ಅದರ ಜ್ವಲನ ತಾಪವನ್ನು ಮುಟ್ಟುವುದಿಲ್ಲ. ನೋಟ್‌ಪುಸ್ತಕದ ಹಾಳೆಯನ್ನು ಮಡಚಿ ಮಾಡಿದ ಲೋಟದಲ್ಲಿ ಇದನ್ನು ಮತ್ತೊಮ್ಮೆ ಮಾಡಿ ತೋರಿಸಿದೆ. ಇಡೀ ಪಾಠಕ್ಕೆ ಈ ಲೋಟವೇ ಬೀಜ. ದೋಣಿಯಲ್ಲಿ ಕಾಗದದ ಬದಲು ರಬ್ಬರ್ ಹೋಸ್ ಇದೆ, ಮೇಣದಬತ್ತಿಯ ಬದಲು ಡೀಸೆಲ್ ಎಂಜಿನ್ನಿನ ಹೊಗೆ ಇದೆ.

ಹೊರಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ನಿನಿಂದ ಸಣ್ಣ ನೀರಿನ ಎಳೆ ಚಿಮ್ಮುವುದನ್ನು ಎಷ್ಟು ಜನ ನೋಡಿದ್ದೀರಿ ಎಂದು ಕೇಳಿದಾಗ ಹೆಚ್ಚಿನ ಕೈಗಳು ಮೇಲೆದ್ದವು. ಆ ಎಳೆ ನಿಂತರೆ ಎಂಜಿನ್ ನಿಲ್ಲಿಸಬೇಕು ಎಂಬುದೂ ಅವರಿಗೆ ಗೊತ್ತಿತ್ತು. ನೀರು ಎಂಜಿನ್ನನ್ನು ಕಾಯುತ್ತದೆ ಎಂಬ ಅನುಭವ ಹೀಗೆ ತರಗತಿಯಲ್ಲೇ ಇತ್ತು. ಕಾರಣವನ್ನು ಸೇರಿಸುವುದಷ್ಟೇ ನನ್ನ ಪಾಲಿನ ಕೆಲಸ.

ಸಮಸ್ಯೆಯ ಮಂಡನೆ

ಡೀಸೆಲ್ ಎಂಜಿನ್ ಸುಡುವ ಇಂಧನದ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಮಾತ್ರ ಪ್ರೊಪೆಲ್ಲರ್ ತಿರುಗಿಸಲು ಸಿಗುತ್ತದೆ. ಇನ್ನೊಂದು ಪಾಲು ಎಂಜಿನ್ನಿನ ಗೋಡೆಗಳ ಮೂಲಕ ತಂಪುಕಾರಕಕ್ಕೆ ಮತ್ತು ಸುತ್ತಲಿನ ಗಾಳಿಗೆ ಹೋಗುತ್ತದೆ. ಉಳಿದ ಪಾಲು ಹೊಗೆಯ ಜೊತೆ ಹೊರಬೀಳುತ್ತದೆ. ಭಾರ ಎಳೆಯುವಾಗ ಹೊಗೆ ಎಂಜಿನ್ ಬಿಡುವ ಜಾಗದಲ್ಲಿ 400ರಿಂದ 600 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿರಬಹುದು.

ಲಾರಿಯಲ್ಲಿ ಇದು ದೊಡ್ಡ ಸಮಸ್ಯೆಯಲ್ಲ. ಕಬ್ಬಿಣದ ಕೊಳವೆ ವಾಹನದ ತಳದಲ್ಲಿ ಸಾಗುತ್ತದೆ, ಗಾಳಿ ಬೀಸುತ್ತದೆ, ಹೊಗೆ ಹಿಂದೆ ಹೋಗುತ್ತದೆ. ದೋಣಿಯಲ್ಲಿ ಎಂಜಿನ್ ಇರುವುದು ಮರ ಅಥವಾ ಫೈಬರ್ ಗಾಜಿನ ಹೊಟ್ಟೆಯೊಳಗೆ. ಮುಚ್ಚಿದ ಜಾಗ, ಪಕ್ಕದಲ್ಲೇ ಡೀಸೆಲ್ ಟ್ಯಾಂಕು, ಮೇಲೆ ಜನ. ಅಲ್ಲಿ 500 ಡಿಗ್ರಿಯ ಕಬ್ಬಿಣದ ಕೊಳವೆಯನ್ನು ಹಿಂಬದಿಯವರೆಗೆ ಎಳೆದರೆ? ಬೆಂಕಿ, ಸೆಕೆ, ಸದ್ದು ಎಂದು ಮಕ್ಕಳೇ ಪಟ್ಟಿ ಮಾಡಿದರು.

ಇದಕ್ಕೆ ಎರಡು ಪರಿಹಾರಗಳಿವೆ. ಕೊಳವೆಗೆ ಉಷ್ಣ ನಿರೋಧಕ ಸುತ್ತಿ ನೇರ ಮೇಲಕ್ಕೆ ಚಿಮಣಿಯಂತೆ ಒಯ್ಯುವುದು ಒಂದು. ಇದು ಒಣ ಎಕ್ಸಾಸ್ಟ್, ಕೆಲಸದ ದೊಡ್ಡ ದೋಣಿಗಳಲ್ಲಿ ಕಾಣಸಿಗುತ್ತದೆ. ಹೊಗೆಗೇ ಸಮುದ್ರದ ನೀರು ಬೆರೆಸಿ, ತಂಪಾದ ಮಿಶ್ರಣವನ್ನು ರಬ್ಬರ್ ಹೋಸಿನಲ್ಲಿ ಹಿಂಬದಿಗೆ ಸಾಗಿಸುವುದು ಇನ್ನೊಂದು; ಇದು ಒದ್ದೆ ಎಕ್ಸಾಸ್ಟ್, ನಮ್ಮ ಪಾಠದ ವಿಷಯ. ಎರಡೂ ಬಗೆ ಇವೆ ಎಂಬುದನ್ನು ಆರಂಭದಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಒಣ ಕೊಳವೆ ಇರುವ ದೋಣಿಯ ಮನೆಯ ಮಗು ಪಾಠ ಸುಳ್ಳೆಂದುಕೊಳ್ಳುತ್ತದೆ.

ನೀರಿನ ಪಯಣ

ಸಮುದ್ರದ ನೀರು ಎಂಜಿನ್ನಿಗೆ ಬರುವ ದಾರಿಯನ್ನು ಕ್ರಮವಾಗಿ ಕಟ್ಟಿದೆವು. ದೋಣಿಯ ತಳದಲ್ಲಿ ಒಂದು ರಂಧ್ರ, ಅದಕ್ಕೆ ಸೀಕಾಕ್ ಎಂಬ ಕವಾಟ. ಅದು ಇಲ್ಲದಿದ್ದರೆ? ಹೋಸ್ ಹರಿದ ದಿನ ದೋಣಿಯೇ ಮುಳುಗುತ್ತದೆ. ಆಮೇಲೆ ಸ್ಟ್ರೈನರ್ ಎಂಬ ಜರಡಿ. ಅದು ಇಲ್ಲದಿದ್ದರೆ? ಪಾಚಿ, ಪ್ಲಾಸ್ಟಿಕ್ ಚೂರು, ಮೀನಿನ ಹುರುಪೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಆಮೇಲೆ ಪಂಪು. ಅದರೊಳಗೆ ಬಾಗುವ ರಬ್ಬರ್ ರೆಕ್ಕೆಗಳ ಇಂಪೆಲ್ಲರ್ ತಿರುಗುತ್ತದೆ. ಪಂಪಿನ ಒಳಗೋಡೆಯ ಒಂದು ಬದಿ ಉಬ್ಬಿರುವುದರಿಂದ ರೆಕ್ಕೆಗಳು ಅಲ್ಲಿ ಮಡಚಿ, ಮುಂದೆ ಬಿಚ್ಚಿಕೊಳ್ಳುತ್ತವೆ. ಬಿಚ್ಚುವಾಗ ನೀರನ್ನು ಎಳೆದು, ಮಡಚುವಾಗ ಹೊರಗೆ ತಳ್ಳುತ್ತವೆ. ಈ ರೆಕ್ಕೆಗಳಿಗೆ ಜಾರಲು ಬೇಕಾದ ನಯವನ್ನು ಕೊಡುವುದೂ ಅದೇ ನೀರು. ಸೀಕಾಕ್ ತೆರೆಯದೆ ಎಂಜಿನ್ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಇಂಪೆಲ್ಲರ್ ಸುಟ್ಟು ಚೂರಾಗುತ್ತದೆ.

ಪಂಪಿನಿಂದ ನೀರು ಉಷ್ಣ ವಿನಿಮಯಕಕ್ಕೆ ಹೋಗುತ್ತದೆ. ಇಲ್ಲಿ ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಪ್ರಶ್ನೆ ಎತ್ತಿದಳು: ಸಮುದ್ರದಲ್ಲಿ ಬೇಕಾದಷ್ಟು ನೀರಿರುವಾಗ ಅದನ್ನು ನೇರವಾಗಿ ಎಂಜಿನ್ನಿನೊಳಗೇ ಏಕೆ ಹರಿಸಬಾರದು? ಕೆಲವು ಹಳೆಯ ಎಂಜಿನ್ನುಗಳಲ್ಲಿ ಹಾಗೆಯೇ ಮಾಡುತ್ತಾರೆ ಎಂದು ಒಪ್ಪಿಕೊಂಡೇ ಉತ್ತರ ಹುಡುಕಿದೆವು. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ನೀರು ಬಿಸಿಯಾದಂತೆ ಅದರಲ್ಲಿ ಕರಗಿದ ಕೆಲವು ಲವಣಗಳು ಗೋಡೆಗೆ ಹರಳುಗಟ್ಟಿ ಅಂಟುತ್ತವೆ. ಪಾತ್ರೆಯ ತಳದಲ್ಲಿ ಗಡಸು ನೀರು ಬಿಡುವ ಬಿಳಿ ಪದರದಂತೆ. ಆ ಪದರ ಉಷ್ಣವನ್ನು ತಡೆಯುತ್ತದೆ. ಆದ್ದರಿಂದ ಎಂಜಿನ್ನಿನ ಒಳಗೆ ಶುದ್ಧ ನೀರಿನ ತಂಪುಕಾರಕ ಮುಚ್ಚಿದ ಸುತ್ತಿನಲ್ಲಿ ಹರಿಯುತ್ತದೆ. ಉಷ್ಣ ವಿನಿಮಯಕದಲ್ಲಿ ಸಣ್ಣ ಕೊಳವೆಗಳ ಒಳಗೆ ಸಮುದ್ರದ ನೀರು, ಹೊರಗೆ ತಂಪುಕಾರಕ. ಎರಡೂ ಬೆರೆಯುವುದಿಲ್ಲ, ಉಷ್ಣ ಮಾತ್ರ ದಾಟುತ್ತದೆ. ಅಲ್ಲಿ ಇಡುವ ಸತುವಿನ ತುಂಡು ತಾನು ಸವೆದು ಉಳಿದ ಲೋಹವನ್ನು ಉಳಿಸುತ್ತದೆ. ತುಕ್ಕು ಹಿಡಿಯುವ ಪಾಠ ಮಾಡುವವರು ಇದನ್ನು ಉದಾಹರಣೆಯಾಗಿ ಬಳಸಬಹುದು.

ಇಷ್ಟು ಕೆಲಸ ಮುಗಿಸಿದ ಸಮುದ್ರದ ನೀರನ್ನು ಹಾಗೇ ಹೊರಗೆ ಬಿಡಬಹುದಿತ್ತು. ಆದರೆ ಅದು ಇನ್ನೂ ಸಾಕಷ್ಟು ತಂಪಾಗಿದೆ. ಆದ್ದರಿಂದ ಅದಕ್ಕೆ ಎರಡನೇ ಕೆಲಸ ಕೊಡುತ್ತಾರೆ: ಹೊಗೆಗೆ ಬೆರೆಯುವುದು. ಬೆರೆಯುವ ಜಾಗವೇ ಮಿಕ್ಸಿಂಗ್ ಎಲ್ಬೋ, ಮೊಣಕೈಯಂತೆ ಬಾಗಿದ ಲೋಹದ ಕೊಳವೆ. ಹೊಗೆ ಮೊದಲು ಮೇಲಕ್ಕೆ ಏರುತ್ತದೆ, ಬಾಗಿನ ತುದಿ ದಾಟುತ್ತದೆ, ಕೆಳಗಿಳಿಯಲು ತೊಡಗಿದ ಮೇಲೆ ನೀರು ಬೆರೆಯುತ್ತದೆ. ನೀರು ಬಾಗಿನ ಈಚೆ ಬದಿಯಲ್ಲೇ ಬೆರೆತರೆ? ಅದು ಎಂಜಿನ್ನಿನ ಕಡೆಗೇ ಇಳಿಯುತ್ತದೆ ಎಂದು ಮಕ್ಕಳು ಚಿತ್ರ ನೋಡಿ ಹೇಳಿದರು.

ಎಲ್ಬೋದಲ್ಲಿ ಉಷ್ಣದ ಲೆಕ್ಕ

ಪಾಠದ ಹೃದಯ ಇದು. ಲೆಕ್ಕಕ್ಕೆ ಸುಮಾರು 40 ಕಿಲೋವ್ಯಾಟ್, ಅಂದರೆ 54 ಅಶ್ವಶಕ್ತಿಯ ಎಂಜಿನ್ನಿಗೆ ಹೊಂದುವ ಸರಳ ಅಂಕಿಗಳನ್ನು ತೆಗೆದುಕೊಂಡೆ. ಹೊಗೆ ಸೆಕೆಂಡಿಗೆ 0.06 ಕಿಲೋಗ್ರಾಂ, ಸಮುದ್ರದ ನೀರು ನಿಮಿಷಕ್ಕೆ 40 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 0.67 ಕಿಲೋಗ್ರಾಂ. ಹೀಗೆ ಪ್ರತಿ 1 ಕಿಲೋಗ್ರಾಂ ಹೊಗೆಗೆ ಸುಮಾರು 11 ಕಿಲೋಗ್ರಾಂ ನೀರು ಸಿಗುತ್ತದೆ.

1 ಕಿಲೋಗ್ರಾಂ ಹೊಗೆ 1 ಡಿಗ್ರಿ ತಣಿದರೆ ಸುಮಾರು 1.1 ಕಿಲೋಜೂಲ್ ಉಷ್ಣ ಬಿಡುತ್ತದೆ. 450 ಡಿಗ್ರಿಯಿಂದ 50 ಡಿಗ್ರಿಗೆ ಇಳಿಯಲು 400 × 1.1, ಅಂದರೆ 440 ಕಿಲೋಜೂಲ್ ಬಿಡಬೇಕು. ಈ ಉಷ್ಣ ಎಲ್ಲಿಗೆ ಹೋಗುತ್ತದೆ?

ಮೊದಲ ಬಗೆ: ನೀರು ಬಿಸಿಯಾಗುವುದು. ಸಮುದ್ರದ ನೀರಿನ 1 ಕಿಲೋಗ್ರಾಂ 1 ಡಿಗ್ರಿ ಬಿಸಿಯಾಗಲು ಸುಮಾರು 4 ಕಿಲೋಜೂಲ್ ಬೇಕು. 11 ಕಿಲೋಗ್ರಾಮಿಗೆ 44 ಕಿಲೋಜೂಲ್. 440ನ್ನು 44ರಿಂದ ಭಾಗಿಸಿದರೆ 10. ಹೊಗೆ 400 ಡಿಗ್ರಿ ಇಳಿದರೂ ನೀರು ಏರುವುದು ಬರೀ 10 ಡಿಗ್ರಿ. ಈ ಉತ್ತರ ಕಪ್ಪುಹಲಗೆಯ ಮೇಲೆ ಬಂದಾಗ ತರಗತಿ ನಂಬಲಿಲ್ಲ. ಎರಡು ಸಲ ಲೆಕ್ಕ ಮಾಡಿದರು. ಸಮುದ್ರದ ನೀರು 28 ಡಿಗ್ರಿಯಲ್ಲಿ ಒಳಬಂದು, ಉಷ್ಣ ವಿನಿಮಯಕದಲ್ಲಿ ಸುಮಾರು 39 ಡಿಗ್ರಿಯಾಗಿ, ಎಲ್ಬೋದಲ್ಲಿ ಇನ್ನು 10 ಏರಿದರೆ 49. ಕೈಗೆ ಬೆಚ್ಚಗೆ ತಾಗುವ ತಾಪ. ರಬ್ಬರ್ ಹೋಸ್ ಉಳಿಯುವುದಕ್ಕೆ ಇದು ಸಾಕು.

ಎರಡನೇ ಬಗೆ: ನೀರು ಆವಿಯಾಗುವುದು. 1 ಕಿಲೋಗ್ರಾಂ ನೀರು 100 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 2260 ಕಿಲೋಜೂಲ್ ಬೇಕು. 440ನ್ನು 2260ರಿಂದ ಭಾಗಿಸಿದರೆ ಸುಮಾರು 0.2 ಕಿಲೋಗ್ರಾಂ. ಅಂದರೆ ಆವಿಯಾಗುವುದರಿಂದಲೇ ಅಷ್ಟೂ ಉಷ್ಣ ಹೋಗುವುದಾದರೆ 200 ಗ್ರಾಂ ನೀರು ಸಾಕು. ಬರುತ್ತಿರುವುದು 11 ಕಿಲೋಗ್ರಾಂ. ಹಾಗಾದರೆ ಇಷ್ಟೊಂದು ನೀರು ಏಕೆ? ಈ ಪ್ರಶ್ನೆಯನ್ನು ನಾನು ಎರಡು ನಿಮಿಷ ತರಗತಿಗೇ ಬಿಟ್ಟೆ.

ಉತ್ತರ ಹೀಗೆ ಮೂಡಿಬಂತು. ಅನಿಲವನ್ನು ತಣಿಸುವುದಷ್ಟೇ ಗುರಿಯಲ್ಲ, ಹೋಸಿನ ಒಳಗೋಡೆಯನ್ನು ಎಲ್ಲ ಕಡೆ ಒದ್ದೆಯಾಗಿ ಇಡುವುದೂ ಗುರಿ. ಕಾಗದದ ಲೋಟ ಉಳಿದದ್ದು ನೀರು ಇದ್ದ ಕಡೆ ಮಾತ್ರ; ನೀರಿನ ಮಟ್ಟಕ್ಕಿಂತ ಮೇಲಿನ ಅಂಚು ಕಪ್ಪಾಗಿತ್ತು. 200 ಗ್ರಾಂ ನೀರೆಲ್ಲ ಆವಿಯಾದರೆ ಗೋಡೆ ಒಣಗುತ್ತದೆ. ಹೆಚ್ಚು ನೀರು ಹೋದರೆ ಸ್ವಲ್ಪ ಭಾಗ ಆವಿಯಾಗಿ, ಬಹುಭಾಗ ನೀರಾಗಿಯೇ ಉಳಿದು, ಹನಿಗಳಾಗಿ ಸಿಡಿದು ಗೋಡೆಯನ್ನು ಕಾಯುತ್ತದೆ. ಹನಿಗಳಾಗಿ ಸಿಡಿಯುವುದರಿಂದ ಹೊಗೆಗೂ ನೀರಿಗೂ ತಾಗುವ ಮೇಲ್ಮೈ ಬಹಳ ಹೆಚ್ಚುತ್ತದೆ. ಆದ್ದರಿಂದ ತಣಿಯುವ ಕೆಲಸ ಎಲ್ಬೋ ದಾಟಿದ ಸ್ವಲ್ಪ ದೂರದಲ್ಲೇ ಮುಗಿಯುತ್ತದೆ.

ಇದರಿಂದ ಬಂದರಿನಲ್ಲಿ ಕಣ್ಣಾರೆ ಕಾಣುವ ಒಂದು ಲಕ್ಷಣಕ್ಕೂ ಅರ್ಥ ಸಿಗುತ್ತದೆ. ಹಿಂಬದಿಯ ಕೊಳವೆಯಿಂದ ನೀರು ಉಗುಳುವುದು ಕಡಿಮೆಯಾಗಿ ಬಿಳಿ ಆವಿ ದಟ್ಟವಾಗಿ ಬರತೊಡಗಿದರೆ, ಸದ್ದು ಗಡುಸಾದರೆ, ನೀರು ಸಾಲುತ್ತಿಲ್ಲ ಎಂದರ್ಥ. ಜರಡಿ ಕಟ್ಟಿರಬಹುದು, ಇಂಪೆಲ್ಲರ್ ಮುರಿದಿರಬಹುದು, ಎಲ್ಬೋದಲ್ಲಿ ಮಸಿ ಮತ್ತು ತುಕ್ಕು ತುಂಬಿರಬಹುದು.

ಜೊತೆಗೆ ಒಂದು ಉಪಲಾಭವಿದೆ. ಕೆಲ್ವಿನ್ ಮಾಪಕದಲ್ಲಿ ಹೊಗೆ 723ರಿಂದ 323ಕ್ಕೆ ಇಳಿಯುತ್ತದೆ. ಒತ್ತಡ ಹೆಚ್ಚುಕಡಿಮೆ ಅಷ್ಟೇ ಇದ್ದಲ್ಲಿ ಗಾತ್ರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನೀರಾವಿ ಸೇರಿದರೂ ಸುಮಾರು ಅರ್ಧ. ಹೊಗೆಯ ವೇಗ ತಗ್ಗುತ್ತದೆ, ಸದ್ದು ತಗ್ಗುತ್ತದೆ. ಲಾರಿಯ ಸೈಲೆನ್ಸರಿನ ಕೆಲಸದ ಒಂದು ಪಾಲನ್ನು ಇಲ್ಲಿ ನೀರೇ ಮಾಡುತ್ತದೆ.

ನೀರು ಹಿಂದಕ್ಕೆ ಬಂದರೆ

ಎರಡನೇ ಅವಧಿಯನ್ನು ಒಂದೇ ವಾಕ್ಯದಿಂದ ಆರಂಭಿಸಿದೆ: ಹೋಸನ್ನು ಉಳಿಸುವ ನೀರೇ ಎಂಜಿನ್ನನ್ನು ಕೊಲ್ಲಬಹುದು. ಸಿಲಿಂಡರಿನೊಳಗೆ ಗಾಳಿ ಇದ್ದರೆ ಪಿಸ್ಟನ್ ಅದನ್ನು ಒತ್ತಬಲ್ಲದು. ನೀರನ್ನು ಹಾಗೆ ಒತ್ತಲಾಗದು. ನೀರು ತುಂಬಿದ ಸಿಲಿಂಡರನ್ನು ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಅನಿಲವನ್ನು ಒತ್ತಬಹುದು, ದ್ರವವನ್ನು ಒತ್ತಲಾಗದು ಎಂಬ ಪಠ್ಯಪುಸ್ತಕದ ಒಂದು ಸಾಲು ಇಲ್ಲಿ ಒಂದು ಕುಟುಂಬದ ಇಡೀ ಋತುವಿನ ಗಳಿಕೆಯಾಗುತ್ತದೆ.

ಚಿತ್ರ ಬಿಡಿಸುವಾಗ ನಾನು ಹಾಕಿದ ಮೊದಲ ಗೆರೆ ಎಂಜಿನ್ನಿನದಲ್ಲ, ಸಮುದ್ರದ ನೀರಿನ ಮಟ್ಟದ್ದು. ಆ ಗೆರೆಯನ್ನು ದೋಣಿಯ ಒಳಗೂ ಚುಕ್ಕೆಗಳಲ್ಲಿ ಮುಂದುವರಿಸಿದೆ. ದೋಣಿಯ ಒಳಗಿನ ಎಂಜಿನ್ ಹೊರಗಿನ ಸಮುದ್ರಕ್ಕಿಂತ ಕೆಳಗಿದೆ ಎಂಬುದು ಮಕ್ಕಳ ಮನಸ್ಸಿಗೆ ಬರಲು ಇದೊಂದೇ ದಾರಿ. ಬಳಿಕ ನೀರು ಹಿಂದೆ ಬರುವ ಮೂರು ದಾರಿಗಳನ್ನು ಒಂದೊಂದಾಗಿ ನೋಡಿದೆವು.

ಮೊದಲನೆಯದು ಸೈಫನ್. ಬೆಂಚಿನ ಮೇಲೆ ಒಂದು ಬಕೆಟ್, ನೆಲದ ಮೇಲೆ ಒಂದು ಬಕೆಟ್, ನಡುವೆ ಪಾರದರ್ಶಕ ಕೊಳವೆ. ಕೊಳವೆಯ ಅತಿ ಎತ್ತರದ ಜಾಗದಲ್ಲಿ ಸೂಜಿಯಿಂದ ರಂಧ್ರ ಮಾಡಿ ಬೆರಳಿನಿಂದ ಮುಚ್ಚಿ, ನೀರು ಹರಿಯಲು ಬಿಟ್ಟೆ. ಮೇಲಿನ ಬಕೆಟ್ ಸಮುದ್ರ; ಕೆಳಗಿನದು ದೋಣಿಯೊಳಗಿನ ಎಕ್ಸಾಸ್ಟ್. ಎಂಜಿನ್ ನಿಂತ ಮೇಲೂ ನೀರು ಹೀಗೆ ಹರಿಯುತ್ತಲೇ ಇರಬಹುದು, ಏಕೆಂದರೆ ನಿಂತ ಇಂಪೆಲ್ಲರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಇದನ್ನು ನಿಲ್ಲಿಸುವುದು ಹೇಗೆ? ಒಬ್ಬ ವಿದ್ಯಾರ್ಥಿ ಬಂದು ನನ್ನ ಬೆರಳನ್ನು ತೆಗೆದ. ಗಾಳಿ ಒಳಹೊಕ್ಕಿತು, ನೀರು ಎರಡೂ ಕಡೆ ಬೇರ್ಪಟ್ಟು ಇಳಿಯಿತು. ಆ ರಂಧ್ರವೇ ದೋಣಿಯಲ್ಲಿ ಸೈಫನ್ ತಡೆ ಕವಾಟ. ನೀರು ಬೆರೆಯುವ ಜಾಗ ಸಮುದ್ರದ ಮಟ್ಟಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಎತ್ತರದಲ್ಲಿ ಇಲ್ಲದಿದ್ದಲ್ಲಿ, ಎಲ್ಬೋಗೆ ಹೋಗುವ ಹೋಸನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೆ ಕಮಾನಿನಂತೆ ಎತ್ತಿ, ತುದಿಯಲ್ಲಿ ಈ ಕವಾಟ ಇಡುವುದು ರೂಢಿ. ಉಪ್ಪು ಕಟ್ಟಿ ಕವಾಟ ಮುಚ್ಚಿಹೋದರೆ ಬೆರಳು ರಂಧ್ರದ ಮೇಲೇ ಉಳಿದಂತೆ.

ಎರಡನೆಯದು, ಎಂಜಿನ್ ಹೊತ್ತಿಕೊಳ್ಳದಿದ್ದರೂ ಮತ್ತೆ ಮತ್ತೆ ಸ್ಟಾರ್ಟರ್ ಒತ್ತುವುದು. ಇದಕ್ಕೆ ಮೊದಲು ವಾಟರ್‌ಲಾಕ್ ಅರ್ಥವಾಗಬೇಕು. ಎಲ್ಬೋದಿಂದ ಇಳಿದ ನೀರು ಮತ್ತು ಹೊಗೆ ಒಂದು ಪೆಟ್ಟಿಗೆಗೆ ಬೀಳುತ್ತವೆ. ಹೊರಹೋಗುವ ಕೊಳವೆ ಅದರ ತಳದವರೆಗೆ ಇಳಿದಿರುತ್ತದೆ. ಹೊಗೆಯ ಒತ್ತಡ ನೀರನ್ನು ಹನಿಹನಿಯಾಗಿ ಆ ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಎಂಜಿನ್ ನಿಂತಾಗ ಕೊಳವೆಯಲ್ಲಿ ಉಳಿದ ನೀರು ಹಿಂದೆ ಜಾರಿದರೂ ಈ ಪೆಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ.

ಮಾದರಿಯನ್ನು ಅಗ್ಗವಾಗಿ ಮಾಡಬಹುದು. 250 ಮಿಲಿಲೀಟರಿನ ಪಾರದರ್ಶಕ ಬಾಟಲಿಯ ಮುಚ್ಚಳದಲ್ಲಿ ಎರಡು ಕೊಳವೆ. ಒಂದು ಮುಚ್ಚಳದ ಕೆಳಗೇ ನಿಲ್ಲುವಂತೆ, ಇನ್ನೊಂದು ತಳ ಮುಟ್ಟುವಂತೆ. ತಳದ ಕೊಳವೆಯ ಹೊರತುದಿಯನ್ನು 30 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿ. ಮೊದಲ ಕೊಳವೆಗೆ ಟಿ ಜೋಡಣೆ ಹಾಕಿ, ಒಂದು ತೋಳಿಗೆ ಬಲೂನಿಗೆ ಗಾಳಿ ತುಂಬುವ ಪಂಪನ್ನೂ, ಇನ್ನೊಂದಕ್ಕೆ ಎತ್ತರದಲ್ಲಿ ಕಟ್ಟಿದ ನೀರಿನ ಬಾಟಲಿಯಿಂದ ಹೊಸ ಡ್ರಿಪ್ ಸೆಟ್ಟಿನ ಕೊಳವೆಯನ್ನೂ ಜೋಡಿಸಿ. ಗಾಳಿ ಹೊಡೆಯುತ್ತಾ ನೀರು ಬಿಟ್ಟರೆ ನೀರು ಹೊರತುದಿಯಿಂದ ಉಗುಳುತ್ತದೆ. ಇನ್ನು ಪಂಪನ್ನು ಕಳಚಿ, ಆ ತೋಳಿನ ಬಾಯಿಯನ್ನು ಹೊರತುದಿಗಿಂತ ಕೆಳಗೆ ಒಂದು ಖಾಲಿ ಸೀಸೆಯಲ್ಲಿಡಿ; ಸೀಸೆಯೇ ಸಿಲಿಂಡರ್. ಗಾಳಿಯಿಲ್ಲದೆ ನೀರು ಮಾತ್ರ ಬಿಟ್ಟರೆ ಬಾಟಲಿ ತುಂಬುತ್ತದೆ, ಎರಡು ಮೂರು ನಿಮಿಷದಲ್ಲಿ ನೀರು ಸೀಸೆಗೆ ಇಳಿಯುತ್ತದೆ. ಸ್ಟಾರ್ಟರ್ ತಿರುಗಿಸಿದಷ್ಟು ಹೊತ್ತು ಪಂಪು ನೀರು ತಳ್ಳುತ್ತದೆ, ಆದರೆ ಅದನ್ನು ಹೊರಗೆ ಊದಲು ಹೊಗೆ ಇಲ್ಲ. ಹಾಗಾಗಿ ಬಹಳ ಹೊತ್ತು ಸ್ಟಾರ್ಟ್ ಮಾಡಬೇಕಾಗಿ ಬಂದಾಗ ಸೀಕಾಕ್ ಮುಚ್ಚುವುದು ಅಥವಾ ವಾಟರ್‌ಲಾಕಿನ ನೀರನ್ನು ಬಸಿಯುವುದು, ಎಂಜಿನ್ ಹೊತ್ತಿಕೊಂಡ ಕ್ಷಣ ಸೀಕಾಕ್ ತೆರೆಯುವುದು ಸರಿಯಾದ ಕ್ರಮ. ತೆರೆಯಲು ಮರೆತರೆ ಇಂಪೆಲ್ಲರ್ ಹೋಗುತ್ತದೆ.

ಮೂರನೆಯದು ಅಲೆ. ಹೊಗೆ ಹೊರಬೀಳುವ ಬಾಯಿ ಹಿಂಬದಿಯಲ್ಲಿದೆ; ಹಿಂದಿನಿಂದ ಬರುವ ಅಲೆ ಅದರೊಳಗೆ ನೀರು ತಳ್ಳುತ್ತದೆ. ಇದನ್ನು ತಡೆಯಲು ಹೋಸನ್ನು ಹೊರಬಾಯಿಗೆ ಮೊದಲು ಕೊಕ್ಕರೆಯ ಕತ್ತಿನಂತೆ ಮೇಲಕ್ಕೆ ಎತ್ತಿ ಇಳಿಸುತ್ತಾರೆ. ಎತ್ತರ ಮಿತಿಮೀರಬಾರದು. 1 ಮೀಟರ್ ನೀರಿನ ಕಂಬ ಸುಮಾರು 10 ಕಿಲೋಪಾಸ್ಕಲ್ ಒತ್ತಡ ಹಾಕುತ್ತದೆ. ಹೊಗೆಗೆ ಹೊರಹೋಗುವುದು ಕಷ್ಟವಾದಷ್ಟೂ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ.

ನೀರು ತೊಳೆಯದ ವಿಷ

ಈ ಹಂತದಲ್ಲಿ ತರಗತಿಗೆ ಒಂದು ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಬರೆಯಲು ಹೇಳಿದೆ: ‘ನೀರಿನಲ್ಲಿ ಬೆರೆತ ಹೊಗೆ ಶುದ್ಧವಾಗುತ್ತದೆ.’ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸರಿ ಎಂದು ಬರೆದರು. ಅವರ ತರ್ಕವೂ ಸಹಜವೇ: ಮಸಿ ಕಡಿಮೆ ಕಾಣುತ್ತದೆ, ಬಿಸಿ ಇಲ್ಲ, ಕಣ್ಣುರಿ ಕಡಿಮೆ.

ನೀರು ಉಷ್ಣವನ್ನು ತೆಗೆಯುತ್ತದೆ, ಸ್ವಲ್ಪ ಮಸಿಯನ್ನೂ ಹಿಡಿಯುತ್ತದೆ. ಆದರೆ ಅಪೂರ್ಣ ದಹನದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಬಹಳ ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್ನಿಗಿಂತ ಇದನ್ನು ಕಡಿಮೆ ಬಿಡುತ್ತದೆ ನಿಜ, ಆದರೆ ಬಿಡುವುದೇ ಇಲ್ಲ ಎಂದಲ್ಲ. ಹೋಸ್ ಬಿರುಕು ಬಿಟ್ಟರೆ ಹೊಗೆ ಎಂಜಿನ್ ಕೋಣೆಯಲ್ಲಿ ತುಂಬುತ್ತದೆ. ಕೆಲವೊಮ್ಮೆ ಹಿಂಬದಿಯಿಂದ ಹೊರಬಿದ್ದ ಹೊಗೆಯನ್ನು ಗಾಳಿ ಮತ್ತೆ ಕ್ಯಾಬಿನ್ನಿನೊಳಗೆ ಎಳೆದು ತರುತ್ತದೆ.

ಇದರ ಮೊದಲ ಲಕ್ಷಣಗಳು ತಲೆನೋವು, ತಲೆಸುತ್ತು, ವಾಕರಿಕೆ. ಸಮುದ್ರದಲ್ಲಿ ಈ ಮೂರನ್ನೂ ಅಲೆಯ ಓಲಾಟದಿಂದ ಬಂದದ್ದೆಂದು ತಿಳಿಯುವುದು ಸುಲಭ. ಸುಸ್ತಾದವನು ಕ್ಯಾಬಿನ್ನಿನಲ್ಲೇ ಮಲಗುತ್ತಾನೆ. ಅಪಾಯ ಇರುವುದು ಇಲ್ಲೇ. ಕ್ಯಾಬಿನ್ನಿನಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ತಲೆನೋವು ಬಂದರೆ ಮೊದಲು ಎಲ್ಲರನ್ನೂ ತೆರೆದ ಗಾಳಿಗೆ ತರಬೇಕು, ಎಂಜಿನ್ ನಿಲ್ಲಿಸಬೇಕು, ಆಮೇಲೆ ಕಾರಣ ಹುಡುಕಬೇಕು. ಈ ವಾಕ್ಯವನ್ನು ಮಕ್ಕಳಿಂದ ಪುಸ್ತಕದಲ್ಲಿ ಬರೆಸಿ, ಮನೆಯಲ್ಲಿ ಓದಿ ಹೇಳುವಂತೆ ಸೂಚಿಸಿದೆ. ಪಾಠದಲ್ಲಿ ಬರೆಸಿ ಕೊಟ್ಟ ಏಕೈಕ ವಾಕ್ಯ ಇದೇ. ಉಳಿದುದನ್ನು ಅವರೇ ಬರೆದುಕೊಂಡರು.

ಕಪ್ಪುಹಲಗೆ ಸಾರಾಂಶ

1. ದಾರಿ: ಸೀಕಾಕ್ – ಜರಡಿ – ಪಂಪು – ಉಷ್ಣ ವಿನಿಮಯಕ – ಸೈಫನ್ ತಡೆ ಕಮಾನು – ಮಿಕ್ಸಿಂಗ್ ಎಲ್ಬೋ – ವಾಟರ್‌ಲಾಕ್ – ಕೊಕ್ಕರೆ ಕತ್ತು – ಹೊರಬಾಯಿ.
2. ಹೊಗೆ 400 ಡಿಗ್ರಿ ಇಳಿದರೆ ನೀರು ಸುಮಾರು 10 ಡಿಗ್ರಿ ಏರುತ್ತದೆ.
3. ಸ್ವಲ್ಪ ನೀರು ಆವಿಯಾಗುತ್ತದೆ. ಉಳಿದ ನೀರು ಹೋಸನ್ನು ಕಾಯುತ್ತದೆ.
4. ಹಿಂದೆ ಬರುವ ನೀರಿಗೆ ಮೂರು ದಾರಿ: ಸೈಫನ್, ಹೊತ್ತದ ಎಂಜಿನ್, ಅಲೆ.
5. ತಂಪಾದ ಹೊಗೆಯೂ ವಿಷವೇ.

ಮೌಲ್ಯಮಾಪನ

ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆಯನ್ನು ನಾನು ಕೊಡಲಿಲ್ಲ. ಕೊಟ್ಟ ಪ್ರಶ್ನೆಗಳು ಇವು. ನೀರಿನ ಹರಿವು ಅರ್ಧಕ್ಕೆ ಇಳಿದರೆ ಎಲ್ಬೋದಲ್ಲಿ ನೀರಿನ ತಾಪ ಎಷ್ಟು ಡಿಗ್ರಿ ಏರುತ್ತದೆ? ಸೈಫನ್ ತಡೆ ಕವಾಟವನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಟ್ಟರೆ ಏನಾಗುತ್ತದೆ? ಒಂದು ದೋಣಿ ಸಂಜೆ ಸರಿಯಾಗಿ ಓಡಿ ದಡ ಸೇರಿತು. ಬೆಳಿಗ್ಗೆ ಸ್ಟಾರ್ಟರ್ ಒತ್ತಿದಾಗ ಎಂಜಿನ್ ತಿರುಗಲೇ ಇಲ್ಲ, ಬ್ಯಾಟರಿ ಸರಿಯಿದೆ. ಏನನ್ನು ಅನುಮಾನಿಸುತ್ತೀರಿ, ಮೊದಲು ಏನು ಮಾಡಬಾರದು?

ಮೂರನೇ ಪ್ರಶ್ನೆಗೆ ಬಂದ ಉತ್ತರಗಳೇ ನನಗೆ ಹೆಚ್ಚು ತೃಪ್ತಿ ಕೊಟ್ಟವು. ರಾತ್ರಿಯಿಡೀ ಸೈಫನ್ ಆಗಿ ಸಿಲಿಂಡರಿಗೆ ನೀರು ಬಂದಿರಬಹುದು, ಆದ್ದರಿಂದ ಮತ್ತೆ ಸ್ಟಾರ್ಟರ್ ಒತ್ತಬಾರದು ಎಂದು ಹಲವರು ಬರೆದಿದ್ದರು. ಒಬ್ಬ ಹುಡುಗ, ಪರೀಕ್ಷೆಗಳಲ್ಲಿ ಹಿಂದುಳಿಯುವವನೆಂದು ತರಗತಿ ಶಿಕ್ಷಕರು ಹೇಳಿದ್ದವನು, ಮೊದಲು ಸೀಕಾಕ್ ಮುಚ್ಚಬೇಕು ಎಂದೂ ಸೇರಿಸಿದ್ದ. ನೀರು ಇನ್ನೂ ಬರುತ್ತಿರಬಹುದಲ್ಲ ಎಂಬುದು ಅವನ ಕಾರಣ. ನನ್ನ ಉತ್ತರಸೂಚಿಯಲ್ಲಿ ಆ ಅಂಶ ಇರಲಿಲ್ಲ, ಈಗ ಸೇರಿಸಿದ್ದೇನೆ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ಬಂದರಿನಲ್ಲಿ ನಿಂತಿರುತ್ತವೆ, ದುರಸ್ತಿ ನಡೆಯುತ್ತದೆ. ಶಾಲೆ ಆರಂಭವಾಗುವ ಕಾಲವೂ ಅದೇ. ಮಾಲೀಕರ ಅನುಮತಿ ಪಡೆದು, ಎಂಜಿನ್ ನಿಂತಿರುವಾಗ, ಸಣ್ಣ ಗುಂಪುಗಳಲ್ಲಿ ಕರೆದೊಯ್ದರೆ ಬಿಚ್ಚಿಟ್ಟ ಇಂಪೆಲ್ಲರನ್ನೂ ಸವೆದ ಸತುವಿನ ತುಂಡನ್ನೂ ಮಕ್ಕಳು ಕೈಯಲ್ಲಿ ಹಿಡಿದು ನೋಡಬಹುದು. ಎರಡು ತಿಂಗಳು ಒಂದೇ ಭಂಗಿಯಲ್ಲಿ ಮಡಚಿ ನಿಂತ ರೆಕ್ಕೆಗಳು ಹಾಗೇ ಬಾಗಿ ಉಳಿದಿರುವುದೂ ಕಾಣಬಹುದು.

ಒಳನಾಡಿನ ಶಾಲೆಗಳಲ್ಲಿ ಇದೇ ವಿಷಯವನ್ನು ತೆಗೆದುಕೊಳ್ಳಬೇಕೆಂದಿಲ್ಲ. ಅಲ್ಲಿ ಬೆಲ್ಲದ ಗಾಣದ ಒಲೆ, ರೈಸ್‌ಮಿಲ್ಲಿನ ಬಾಯ್ಲರ್, ಕೊಳವೆಬಾವಿಯ ಪಂಪು ಇವೆ. ಕ್ರಮ ಮಾತ್ರ ಒಂದೇ ಇರಲಿ. ಉಷ್ಣ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಬೆನ್ನುಹತ್ತಿ, ಪ್ರತಿ ಭಾಗದ ಮುಂದೆ ನಿಂತು ಇದು ಇಲ್ಲದಿದ್ದರೆ ಎಂದು ಕೇಳಿ, ಸರಿಯಾದ ಉತ್ತರ ಬಂದ ಮೇಲೆಯೇ ಹೆಸರು ಹೇಳಿ. ಮತ್ತು ಆ ಯಂತ್ರದ ಬಳಿ ದುಡಿಯುವವರಿಗೆ ಅಪಾಯ ತರುವ ಒಂದು ತಪ್ಪು ತಿಳಿವಳಿಕೆ ಇದ್ದರೆ, ಅದಕ್ಕೆ ಕನಿಷ್ಠ 10 ನಿಮಿಷ ಮೀಸಲಿಡಿ. ಪಾಠಯೋಜನೆಯ ನಮೂನೆಯಲ್ಲಿ ಅದಕ್ಕೊಂದು ಅಂಕಣ ಇಲ್ಲದಿರಬಹುದು. ನೀವೇ ಒಂದು ಗೆರೆ ಎಳೆದುಕೊಳ್ಳಿ.